‘ಬಂದಿಲ್ಲ’ ಮತ್ತು ‘ಬರಲಿಲ್ಲ’: ಮುಲುಂಡಿನ ಒಂದು ಇಂಗ್ಲಿಷ್ ತರಗತಿಯ ಕುರಿತು

ಮುಂಬಯಿಯ ಘಾಟ್ಕೋಪರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ನಾನು ಕೌಂಟರ್ ಕೆಲಸಕ್ಕೆ ಸೇರಿ ಇನ್ನೂ ಒಂದು ತಿಂಗಳು ತುಂಬಿರಲಿಲ್ಲ. ಒಂದು ಮಧ್ಯಾಹ್ನ ವಯಸ್ಸಾದ ಮಹಿಳೆಯೊಬ್ಬರು ತಮ್ಮ ಥೈರಾಯ್ಡ್ ವರದಿಯನ್ನು ಕೇಳಿಕೊಂಡು ಬಂದರು. ವರದಿ ಸಂಜೆಗೆ ಬರುವುದಿತ್ತು. ಅವರು ಇಂಗ್ಲಿಷಿನಲ್ಲಿ ಕೇಳಿದ್ದರಿಂದ ನಾನೂ ಇಂಗ್ಲಿಷಿನಲ್ಲಿಯೇ, ‘ರಿಪೋರ್ಟ್ ಡಿಡ್ ನಾಟ್ ಕಮ್’ ಎಂದೆ. ಅವರ ಮುಖ ಸಪ್ಪಗಾಯಿತು. ಕೊಟ್ಟ ರಕ್ತ ಕೆಟ್ಟುಹೋಯಿತೇ, ಮತ್ತೆ ಸೂಜಿ ಚುಚ್ಚಿಸಿಕೊಳ್ಳಬೇಕೇ, ಇದನ್ನು ನನಗೆ ಮೊದಲೇ ಫೋನ್ ಮಾಡಿ ಏಕೆ ತಿಳಿಸಲಿಲ್ಲ ಎಂದು ಒಂದರ ಮೇಲೊಂದು ಪ್ರಶ್ನೆ ಹಾಕತೊಡಗಿದರು. ಅವರ ಆತಂಕದ ಕಾರಣವೇ ನನಗೆ ತಿಳಿಯಲಿಲ್ಲ. ಅಷ್ಟರಲ್ಲಿ ಒಳಗಿನಿಂದ ಬಂದ ನಮ್ಮ ಮೇಲ್ವಿಚಾರಕಿ, ‘ಇಟ್ ಹ್ಯಾಸ್ ನಾಟ್ ಕಮ್ ಯೆಟ್, ಮ್ಯಾಡಮ್’ ಎಂದು ಒಂದೇ ವಾಕ್ಯ ಹೇಳಿದರು. ಆ ಮಹಿಳೆ ನಿಟ್ಟುಸಿರು ಬಿಟ್ಟು ಬೆಂಚಿನ ಮೇಲೆ ಕುಳಿತರು. ಇಬ್ಬರೂ ಹೇಳಿದ್ದು ಒಂದೇ ಸಂಗತಿ ಎಂದು ಅಂದು ನಾನು ನಂಬಿದ್ದೆ. ಅಲ್ಲವೆಂದು ತಿಳಿಸಿಕೊಟ್ಟ ತರಗತಿಯ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ.

ತರಗತಿ ನಡೆಯುವುದು ಮುಲುಂಡ್ ಪೂರ್ವದ ಒಂದು ಹೌಸಿಂಗ್ ಸೊಸೈಟಿಯ ಕೆಳಮಹಡಿಯ ಕೋಣೆಯಲ್ಲಿ, ಪ್ರತಿ ಶನಿವಾರ ಮತ್ತು ಭಾನುವಾರ ಸಂಜೆ ಎರಡು ಗಂಟೆ, ಒಟ್ಟು 12 ವಾರ. ನಡೆಸುವವರು ಮಹಾನಗರಪಾಲಿಕೆಯ ಕನ್ನಡ ಮಾಧ್ಯಮದ ಶಾಲೆಯಲ್ಲಿ ದುಡಿದು ನಿವೃತ್ತರಾದ ಒಬ್ಬ ಶಿಕ್ಷಕಿ. ಮುಂಬಯಿ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅವುಗಳಲ್ಲಿ ಕನ್ನಡವೂ ಒಂದು ಎಂಬುದು ಊರಿನಲ್ಲಿರುವ ನಮ್ಮವರಿಗೆ ಅನೇಕರಿಗೆ ತಿಳಿದಿರುವುದಿಲ್ಲ. ತಮ್ಮ ಹೆಸರನ್ನು ಎಲ್ಲಿಯೂ ಬರೆಯಬಾರದೆಂದು ಅವರು ಕೇಳಿಕೊಂಡಿದ್ದಾರೆ. ಕೋಣೆಯಲ್ಲಿ 15 ಜನರಿಗಿಂತ ಹೆಚ್ಚು ಕೂರಲು ಸ್ಥಳವಿಲ್ಲ, ಬಂದವರನ್ನು ಹಿಂದಕ್ಕೆ ಕಳಿಸುವುದು ಅವರಿಗೆ ಕಷ್ಟ. ನಾವೆಲ್ಲ ಅವರನ್ನು ಟೀಚರ್ ಎಂದೇ ಕರೆಯುತ್ತೇವೆ. ನಮ್ಮ ತಂಡದಲ್ಲಿ ಕುಂದಾಪುರ ಕಡೆಯ ಒಬ್ಬ ಕೇಟರಿಂಗ್ ಮೇಲ್ವಿಚಾರಕರು, ವಿದೇಶಕ್ಕೆ ಹೋಗಲು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಓದುತ್ತಿರುವ ಒಬ್ಬ ನರ್ಸ್ ಹುಡುಗಿ, ಸೇತುವೆ ದಾಟಿ ಐರೋಲಿಗೆ ಹೋಗಿ ಅಮೆರಿಕದ ಗ್ರಾಹಕರೊಡನೆ ರಾತ್ರಿಪಾಳಿಯಲ್ಲಿ ಮಾತಾಡುವ ಒಬ್ಬ ಹುಡುಗ, ನನ್ನಂತೆ ಮಕ್ಕಳು ದೊಡ್ಡವರಾದ ಮೇಲೆ ಕೆಲಸ ಹಿಡಿದ ನಾಲ್ವರು ಹೆಂಗಸರು, ಹೀಗೆ 13 ಜನರಿದ್ದೆವು.

ಇದಕ್ಕೆ ಮೊದಲು ನಾನು ಬೇರೊಂದು ಕಡೆ, ಗಾಜಿನ ಬಾಗಿಲು ಮತ್ತು ಹವಾನಿಯಂತ್ರಣವಿರುವ ದೊಡ್ಡ ಸ್ಪೋಕನ್ ಇಂಗ್ಲಿಷ್ ಕೇಂದ್ರದಲ್ಲಿ ಎರಡು ತಿಂಗಳು ಕಲಿತಿದ್ದೆ. ಇದರ ಮೂರರಷ್ಟು ಶುಲ್ಕ ಅಲ್ಲಿ. ಅಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸನ್ನು ಒಂದೇ ಸಂಜೆಯಲ್ಲಿ ಮುಗಿಸಿದರು. ಹಲಗೆಯ ಮೇಲೆ ‘ಹ್ಯಾವ್ ಅಥವಾ ಹ್ಯಾಸ್, ಅದರ ಮುಂದೆ ಕ್ರಿಯಾಪದದ ಮೂರನೇ ರೂಪ’ ಎಂದು ಬರೆದು, ‘ಈಗಷ್ಟೇ ಮುಗಿದ ಕೆಲಸವನ್ನು ಹೇಳಲು ಇದನ್ನು ಬಳಸಬೇಕು’ ಎಂದು ಹೇಳಿ, ಗೋ–ವೆಂಟ್–ಗಾನ್, ಈಟ್–ಏಟ್–ಈಟನ್ ಎಂಬ ನೂರು ಸಾಲಿನ ಪಟ್ಟಿಯನ್ನು ಬಾಯಿಪಾಠಕ್ಕೆ ಕೊಟ್ಟರು. ನಾನು ಪಟ್ಟಿಯನ್ನು ಪೂರ್ತಿ ಬಾಯಿಪಾಠ ಮಾಡಿದೆ. ಆದರೂ ಕೌಂಟರಿನ ಮುಂದೆ ನಿಂತವರಿಗೆ ‘ಡಿಡ್ ನಾಟ್ ಕಮ್’ ಎಂದೇ ಹೇಳಿದೆ. ಏಕೆಂದರೆ ಆ ಪಟ್ಟಿ ರೂಪವನ್ನು ಕಲಿಸಿತ್ತು, ಯಾವ ಗಳಿಗೆಯಲ್ಲಿ ಆ ರೂಪ ಬೇಕಾಗುತ್ತದೆ ಎಂಬುದನ್ನು ಕಲಿಸಿರಲಿಲ್ಲ. ‘ಈಗಷ್ಟೇ ಮುಗಿದ ಕೆಲಸ’ ಎಂಬ ವಿವರಣೆಯೇ ಅರೆಬರೆಯದು ಎಂದು ಈಗ ತಿಳಿದಿದೆ. ಐದು ನಿಮಿಷದ ಹಿಂದೆ ಹೊರಟ ಲೋಕಲ್ ಬಗ್ಗೆ ಹೇಳುವಾಗ ‘ದಿ ಟ್ರೈನ್ ಲೆಫ್ಟ್ ಫೈವ್ ಮಿನಿಟ್ಸ್ ಅಗೋ’ ಎಂದು ಸಾದಾ ಭೂತಕಾಲವನ್ನೇ ಬಳಸಬೇಕು. ಇಪ್ಪತ್ತು ವರ್ಷಗಳ ಹಿಂದೆ ನೋಡಿದ ಜೋಗದ ಬಗ್ಗೆ ಮಾತ್ರ ‘ಐ ಹ್ಯಾವ್ ಸೀನ್ ಜೋಗ್ ಫಾಲ್ಸ್’ ಎನ್ನಬಹುದು. ಹೊಸದು ಹಳೆಯದು ಎಂಬ ಅಳತೆ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ನಮ್ಮ ಟೀಚರ್ ಈ ಪಾಠಕ್ಕೆ ಮೂರು ಪೂರ್ತಿ ವಾರಗಳನ್ನು ಇಟ್ಟಿದ್ದಾರೆ. ಮೊದಲ ದಿನ ಅವರು ಇಂಗ್ಲಿಷಿನ ಒಂದು ಅಕ್ಷರವನ್ನೂ ಹಲಗೆಯ ಮೇಲೆ ಬರೆಯಲಿಲ್ಲ. ‘ರೈಲು ಬಂದಿಲ್ಲ’, ‘ರೈಲು ಬರಲಿಲ್ಲ’ ಎಂದು ಎರಡು ಸಾಲು ಬರೆದು, ಕೇಟರಿಂಗ್ ಅಣ್ಣನವರನ್ನು ಕೇಳಿದರು: ‘ನೀವು ಭಾಂಡುಪ್ ಸ್ಟೇಷನ್ನಿನಲ್ಲಿ ನಿಂತಿದ್ದೀರಿ. ಮನೆಯಿಂದ ಫೋನ್ ಬರುತ್ತದೆ. ಇವೆರಡರಲ್ಲಿ ಯಾವುದು ಹೇಳುತ್ತೀರಿ?’ ಅವರು ತಡಮಾಡದೆ, ‘ರೈಲು ಇನ್ನೂ ಬಂದಿಲ್ಲ ಅಂತೇನೆ, ಟೀಚರ್’ ಎಂದರು. ‘ಮತ್ತೆ ಬರಲಿಲ್ಲ ಅಂತ ಯಾವಾಗ ಹೇಳ್ತೀರಿ?’ ಸ್ವಲ್ಪ ಯೋಚಿಸಿ ಅವರು ಹೇಳಿದರು: ‘ಕಾದು ಕಾದು ಸಾಕಾಗಿ, ರಿಕ್ಷಾ ಹಿಡಿದು ಮನೆಗೆ ಹೋದ ಮೇಲೆ.’ ತರಗತಿಯಲ್ಲಿದ್ದ ನಾವೆಲ್ಲ ಒಟ್ಟಿಗೆ ತಲೆಯಾಡಿಸಿದೆವು. ‘ಬಂದಿಲ್ಲ’ ಎನ್ನುವಾಗ ಕಾಯುವವನು ಇನ್ನೂ ಪ್ಲಾಟ್‌ಫಾರ್ಮಿನಲ್ಲಿದ್ದಾನೆ, ರೈಲು ಬರಬಹುದು. ‘ಬರಲಿಲ್ಲ’ ಎಂದಾಗ ಆ ಕಾಯುವಿಕೆಯೇ ಮುಗಿದುಹೋಗಿದೆ. ಆಮೇಲೆಯೇ ಅವರು ಮೊದಲ ಸಾಲಿನ ಎದುರು ‘ದಿ ಟ್ರೈನ್ ಹ್ಯಾಸ್ ನಾಟ್ ಕಮ್’ ಎಂದೂ, ಎರಡನೆಯದರ ಎದುರು ‘ದಿ ಟ್ರೈನ್ ಡಿಡ್ ನಾಟ್ ಕಮ್’ ಎಂದೂ ಬರೆದರು. ಥೈರಾಯ್ಡ್ ವರದಿಗೆ ಬಂದಿದ್ದ ಆ ಮಹಿಳೆಗೆ ನಾನು ಏನು ಹೇಳಿಬಿಟ್ಟಿದ್ದೆ ಎಂಬುದು ಆ ಕ್ಷಣದಲ್ಲಿ ನನಗೆ ಹೊಳೆಯಿತು. ವರದಿಯ ಬಾಗಿಲನ್ನೇ ನಾನು ಮುಚ್ಚಿಬಿಟ್ಟಿದ್ದೆ.

ಇಂಗ್ಲಿಷ್ ಕಲಿಸುವವರು ಸಾಮಾನ್ಯವಾಗಿ ‘ಮಾಡಿದ್ದೇನೆ’ ಎಂಬ ಸಕಾರದಿಂದ ಆರಂಭಿಸುತ್ತಾರೆ. ಆಡುಮಾತಿನಲ್ಲಿ ‘ಮಾಡಿದೆ’ ಮತ್ತು ‘ಮಾಡಿದ್ದೇನೆ’ ಒಂದರ ಜಾಗದಲ್ಲಿ ಇನ್ನೊಂದು ಸುಲಭವಾಗಿ ನುಸುಳುತ್ತವೆ, ‘ಊಟ ಆಯ್ತಾ?’ ಎಂದು ಕೇಳುತ್ತೇವೆ, ಇಂಗ್ಲಿಷಿನಲ್ಲಿ ಅದು ‘ಹ್ಯಾವ್ ಯು ಈಟನ್?’ ಆಗುತ್ತದೆ. ನಕಾರದಲ್ಲಿ ಮಾತ್ರ ಕನ್ನಡ ತನ್ನ ವ್ಯತ್ಯಾಸವನ್ನು ಕೈಬಿಡುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದವರೂ ‘ಹಾಲು ಬಂದಿಲ್ಲ’, ‘ನಿನ್ನೆ ಹಾಲು ಬರಲಿಲ್ಲ’ ಎಂಬುದನ್ನು ತಪ್ಪಿಲ್ಲದೆ ಬಳಸುತ್ತಾರೆ. ನಕಾರದಿಂದ ಶುರುಮಾಡಿ ಸಕಾರಕ್ಕೆ ಬರುವ ಈ ಕ್ರಮ ನನ್ನ ದೃಷ್ಟಿಯಲ್ಲಿ ಈ ತರಗತಿಯ ಅತಿ ದೊಡ್ಡ ಗುಣ. ನಾನು ತಪ್ಪಿದ್ದು ಎಲ್ಲಿ ಎಂದು ಟೀಚರ್ ಕೇಳಿದಾಗ ಇನ್ನೊಂದು ಸಂಗತಿಯೂ ಹೊರಬಿತ್ತು. ಹದಿನೆಂಟು ವರ್ಷ ಮುಂಬಯಿಯಲ್ಲಿ ಬಾಳಿದ ಮೇಲೆ ನಾನು ಇಂಗ್ಲಿಷನ್ನು ಇಲ್ಲಿಯ ಹಿಂದಿಯಿಂದ ಕಟ್ಟುತ್ತಿದ್ದೆ. ‘ರಿಪೋರ್ಟ್ ನಹೀ ಆಯಾ’ ಎಂಬ ಬೀದಿಯ ಹಿಂದಿ ಎರಡು ಅರ್ಥಕ್ಕೂ ಸಲ್ಲುತ್ತದೆ. ಅದನ್ನೇ ‘ಡಿಡ್ ನಾಟ್ ಕಮ್’ ಎಂದು ತಿರುಗಿಸಿದ್ದೆ. ಹಾವೇರಿ ಕಡೆಯ ನನ್ನ ತಾಯಿಯ ಮಾತಿನಲ್ಲಿಯೇ ಯೋಚಿಸಿದ್ದರೆ ‘ಬಂದಿಲ್ಲ’ ಎಂದು ಸರಿಯಾಗಿ ಬರುತ್ತಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ್ದಕ್ಕೆ ಇಂಗ್ಲಿಷ್ ಬರುವುದಿಲ್ಲವೆಂದು ಇಷ್ಟು ವರ್ಷ ಕುಗ್ಗುತ್ತಿದ್ದವಳಿಗೆ ಆ ಸಂಜೆ ಕಣ್ಣು ತುಂಬಿ ಬಂತು.

ರೂಪದ ವಿವರಣೆಯೂ ಹೀಗೆಯೇ ನಮ್ಮ ಮಾತಿನ ಒಳಗಿನಿಂದ ಬರುತ್ತದೆ. ‘ಬಂದಿದೆ’ ಎಂದರೆ ‘ಬಂದು’ ಮತ್ತು ‘ಇದೆ’; ಬರುವ ಕೆಲಸ ಮುಗಿದಿದೆ, ಅದರ ಫಲ ಈಗ ಇದೆ. ಈ ‘ಇದೆ’ ಎಂಬುದನ್ನು ನೇರವಾಗಿ ತಿರುಗಿಸಿ ‘ರಿಪೋರ್ಟ್ ಇಸ್ ಕಮ್’ ಎನ್ನುವವರು ನಮ್ಮಲ್ಲಿ ಮೂವರಿದ್ದರು. ಟೀಚರ್ ಅವರನ್ನು ‘ನನ್ನ ಹತ್ತಿರ ಹಣ ಇದೆ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದರು. ‘ಐ ಹ್ಯಾವ್ ಮನಿ’ ಎಂಬ ಉತ್ತರ ಬಂತು. ಕನ್ನಡದ ‘ಇದೆ’ ಅಲ್ಲಿ ‘ಹ್ಯಾವ್’ ಆದಂತೆ ಇಲ್ಲಿಯೂ ಆಗುತ್ತದೆ ಎಂದು ನೆನಪಿಟ್ಟುಕೊಳ್ಳಿ ಎಂದರು. ಭಾಷಾಶಾಸ್ತ್ರ ಓದಿದವರು ಇದನ್ನು ಎಷ್ಟರಮಟ್ಟಿಗೆ ಒಪ್ಪುತ್ತಾರೋ ಬೇರೆ ಮಾತು. ನೆನಪಿನ ಗಂಟಾಗಿ ಇದು ಗಟ್ಟಿಯಾಗಿ ನಿಂತಿದೆ. ‘ಗಾನ್’ ಮತ್ತು ‘ಬೀನ್’ ಪದಗಳ ವ್ಯತ್ಯಾಸಕ್ಕಂತೂ ಅವರು ಒಂದು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ‘ಅವರು ಗೋವಾಕ್ಕೆ ಹೋಗಿದ್ದಾರೆ’ ಎಂದರೆ ಅವರೀಗ ಮನೆಯಲ್ಲಿಲ್ಲ, ಅದು ‘ಹ್ಯಾಸ್ ಗಾನ್’. ‘ಗೋವಾಕ್ಕೆ ಹೋಗಿಬಂದಿದ್ದಾರೆ’ ಎಂದರೆ ‘ಹ್ಯಾಸ್ ಬೀನ್’. ಹಿಂದಿನ ಕೇಂದ್ರದಲ್ಲಿ ಇದೇ ವಿಷಯವನ್ನು ಕೋಷ್ಟಕ ಹಾಕಿ ಹೇಳಿದ್ದರೂ ನನಗೆ ತಲೆಗೆ ಹತ್ತಿರಲಿಲ್ಲ.

ಕನ್ನಡ ಕೈಕೊಡುವ ಜಾಗಗಳನ್ನು ಅವರು ಮುಚ್ಚಿಡುವುದಿಲ್ಲ ಎಂಬುದು ನನಗೆ ಇನ್ನಷ್ಟು ಮೆಚ್ಚುಗೆಯಾದ ಸಂಗತಿ. ಎರಡನೆಯ ವಾರವೆಲ್ಲ ಅದಕ್ಕೇ ಮೀಸಲು. ‘ನಿನ್ನೆಯೇ ಹಣ ಕಟ್ಟಿದ್ದೇನೆ’ ಎಂದು ಕನ್ನಡದಲ್ಲಿ ಧಾರಾಳವಾಗಿ ಹೇಳುತ್ತೇವೆ. ಇಂಗ್ಲಿಷಿನಲ್ಲಿ ‘ಐ ಹ್ಯಾವ್ ಪೇಯ್ಡ್ ಯೆಸ್ಟರ್ಡೇ’ ಎಂದರೆ ತಪ್ಪು. ನಿನ್ನೆ, ಕಳೆದ ವಾರ, 2019ರಲ್ಲಿ, ಎರಡು ಗಂಟೆಯ ಹಿಂದೆ ಎಂದು ಮುಗಿದ ಕಾಲವನ್ನು ಹೆಸರಿಸಿದ ಕೂಡಲೇ ‘ಹ್ಯಾವ್’ ಹಿಂದೆ ಸರಿಯಬೇಕು. ಇದನ್ನು ಮನಗಾಣಿಸಲು ಟೀಚರ್ ತಮ್ಮ ಪರ್ಸಿನಿಂದ ಲೋಕಲ್ ರೈಲಿನ ಎರಡು ಪಾಸುಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಒಂದರ ಅವಧಿ ಮುಗಿದು ವಾರವಾಗಿತ್ತು, ಅಂಚು ಮಡಿಚಿ ಬಣ್ಣ ಮಾಸಿತ್ತು. ಇನ್ನೊಂದಕ್ಕೆ ಇನ್ನೂ ಇಪ್ಪತ್ತು ದಿನ ಬಾಕಿಯಿತ್ತು. ‘ಅವಧಿ ನಡೆಯುತ್ತಿರುವ ಪಾಸಿನ ಮೇಲೆ ಎಷ್ಟು ಸಲ ಹೋದಿರಿ ಎಂದು ಕೇಳಿದರೆ ಲೆಕ್ಕ ಇನ್ನೂ ತೆರೆದಿದೆ, ನಾಳೆಯೂ ಹೋಗಬಹುದು, ಅಲ್ಲಿ ಹ್ಯಾವ್. ಸತ್ತ ಪಾಸಿನ ಲೆಕ್ಕ ಮುಗಿದಿದೆ, ಅಲ್ಲಿ ಸಾದಾ ಭೂತಕಾಲ’ ಎಂದರು. ‘ದಿಸ್ ಮಂತ್’ ಎಂಬುದು ನಡೆಯುತ್ತಿರುವ ಪಾಸು, ‘ಲಾಸ್ಟ್ ಮಂತ್’ ಎಂಬುದು ಸತ್ತ ಪಾಸು. ‘ದಿಸ್ ಮಾರ್ನಿಂಗ್’ ಎಂಬುದೋ ಬೆಳಗಿನ ಹೊತ್ತು ಹೇಳಿದರೆ ನಡೆಯುತ್ತಿರುವ ಪಾಸು, ಮಧ್ಯಾಹ್ನ ಕಳೆದ ಮೇಲೆ ಹೇಳಿದರೆ ಮುಗಿದ ಪಾಸು! ಅಂದಿನಿಂದ ನಮ್ಮ ತಂಡದಲ್ಲಿ ಯಾರಾದರೂ ತಪ್ಪಿದರೆ ಉಳಿದವರು ‘ಪಾಸು ನೋಡಿ’ ಎನ್ನುತ್ತಾರೆ.

ಇನ್ನೊಂದು ಗುಂಡಿ ಎಂದರೆ ‘ಇಂದ’ ಎಂಬ ಪ್ರತ್ಯಯ. ‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ‘2014ರಿಂದ ಇಲ್ಲಿದ್ದೇನೆ’ ಎಂದು ಎರಡಕ್ಕೂ ನಾವು ಅದೇ ‘ಇಂದ’ವನ್ನೇ ಬಳಸುತ್ತೇವೆ, ಕ್ರಿಯಾಪದವೂ ವರ್ತಮಾನದಲ್ಲಿರುತ್ತದೆ. ಆದ್ದರಿಂದಲೇ ‘ಐ ಆಮ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಎಂಬ ವಾಕ್ಯ ಸಂದರ್ಶನದಲ್ಲಿ ಕುಳಿತ ನಮ್ಮವರ ಬಾಯಿಂದ ತಾನಾಗಿ ಹೊರಡುತ್ತದೆ. ‘ಐ ಹ್ಯಾವ್ ಬೀನ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದಾಗಬೇಕು. ಎಷ್ಟು ಕಾಲ ಎಂಬ ಅಳತೆಗೆ ‘ಫಾರ್’, ಎಲ್ಲಿಂದ ಶುರು ಎಂಬ ಬಿಂದುವಿಗೆ ‘ಸಿನ್ಸ್’. ಇದನ್ನು ಬಿಡಿಸಲು ಟೀಚರ್ ನಮ್ಮಲ್ಲಿ ಪ್ರತಿಯೊಬ್ಬರನ್ನೂ ಮುಂಬಯಿಗೆ ಬಂದ ಕಥೆಯನ್ನು ಹೇಳಲು ನಿಲ್ಲಿಸಿದರು. ಕೇಟರಿಂಗ್ ಅಣ್ಣನವರು ಹದಿನಾಲ್ಕನೆಯ ವಯಸ್ಸಿನಲ್ಲಿ ಬಸ್ಸು ಹತ್ತಿ ಬಂದು, ಹಗಲು ಹೋಟೆಲಿನಲ್ಲಿ ಮೇಜು ಒರೆಸಿ ರಾತ್ರಿಶಾಲೆಯಲ್ಲಿ ಓದಿದ್ದನ್ನು ನಿಧಾನವಾಗಿ, ಪ್ರತಿ ವಾಕ್ಯಕ್ಕೂ ನಿಂತು, ಇಂಗ್ಲಿಷಿನಲ್ಲಿ ಹೇಳಿದರು. ಬಂದದ್ದು, ಓದಿದ್ದು ಸಾದಾ ಭೂತಕಾಲದಲ್ಲಿ. ಇಂದಿಗೂ ಇಲ್ಲಿಯೇ ಇರುವುದು ‘ಹ್ಯಾವ್ ಲಿವ್ಡ್’ನಲ್ಲಿ. ವ್ಯಾಕರಣದ ಅಭ್ಯಾಸವೊಂದನ್ನು ಕೇಳುತ್ತಾ ಕೋಣೆ ಅಷ್ಟು ಮೌನವಾದದ್ದನ್ನು ನಾನು ಮೊದಲು ಕಂಡಿರಲಿಲ್ಲ.

ಐರೋಲಿಯ ಹುಡುಗ ಒಂದು ನ್ಯಾಯವಾದ ಪ್ರಶ್ನೆ ಎತ್ತಿದ. ‘ಟೀಚರ್, ನನ್ನ ಕಸ್ಟಮರುಗಳು ಡಿಡ್ ಯು ಈಟ್ ಯೆಟ್ ಅಂತಾರೆ. ಅವರದ್ದೂ ತಪ್ಪೇ?’ ತಪ್ಪಲ್ಲ ಎಂದು ಟೀಚರ್ ಒಪ್ಪಿಕೊಂಡರು. ಅಮೆರಿಕದವರು ‘ಜಸ್ಟ್’, ‘ಆಲ್‌ರೆಡಿ’, ‘ಯೆಟ್’ ಇರುವಲ್ಲಿ ಸಾದಾ ಭೂತಕಾಲವನ್ನೂ ಸಹಜವಾಗಿ ಬಳಸುತ್ತಾರೆ, ಬ್ರಿಟಿಷ್ ರೂಢಿಯಲ್ಲಿ ಅಲ್ಲಿ ‘ಹ್ಯಾವ್’ ಹೆಚ್ಚು ಎಂದು ವಿವರಿಸಿ, ಅವನಿಗೆ ಎರಡನ್ನೂ ಕೇಳಿ ಅರ್ಥಮಾಡಿಕೊಳ್ಳಲು ಹೇಳಿದರು. ನರ್ಸ್ ಹುಡುಗಿಗೆ ಮಾತ್ರ ಇಷ್ಟಕ್ಕೆ ಬಿಡಲಿಲ್ಲ. ಐಇಎಲ್‌ಟಿಎಸ್‌ನ ಮಾತಿನ ಪರೀಕ್ಷೆ 11ರಿಂದ 14 ನಿಮಿಷದ್ದು, ಅದರ ಅಂಕಗಳಲ್ಲಿ ಕಾಲುಭಾಗ ವ್ಯಾಕರಣದ ವಿಸ್ತಾರ ಮತ್ತು ನಿಖರತೆಗೆ ಮೀಸಲು. ಆದ್ದರಿಂದ ಅವಳಿಗೆ ಪ್ರತಿ ಭಾನುವಾರ ಹತ್ತು ನಿಮಿಷ ಪ್ರತ್ಯೇಕ ಅಭ್ಯಾಸ ಮಾಡಿಸಿದರು.

ಕೊರತೆಗಳೂ ಇವೆ, ಅವು ಚಿಕ್ಕವಲ್ಲ. ಮಾತನಾಡುವ ಇಂಗ್ಲಿಷಿನಲ್ಲಿ ‘ಐ ಹ್ಯಾವ್’ ಎಂಬುದು ‘ಐವ್’ ಆಗಿ, ‘ಶಿ ಹ್ಯಾಸ್’ ಎಂಬುದು ‘ಶೀಸ್’ ಆಗಿ ಕಿವಿಗೆ ಬೀಳುವಷ್ಟರಲ್ಲಿ ಮಾಯವಾಗುತ್ತದೆ. ನಾವು ಬರೆಯುವಾಗ ಸರಿಯಾಗಿ ಬರೆದರೂ ಕೇಳುವಾಗ ಅದನ್ನು ಹಿಡಿಯಲಾರೆವು. ಇದಕ್ಕೆ ಧ್ವನಿಮುದ್ರಣ ಕೇಳಿಸುವ ಅಭ್ಯಾಸ ಬೇಕು. ತರಗತಿಯಲ್ಲಿ ಅಂಥ ಯಾವ ಸಾಧನವೂ ಇಲ್ಲ. ಟೀಚರ್ ತಾವೇ ಓದಿ ಕೇಳಿಸುತ್ತಾರೆ, ಅವರ ಉಚ್ಚಾರ ಸ್ಪಷ್ಟವಾಗಿರುವುದರಿಂದ ಅದೇ ತೊಡಕಾಗುತ್ತದೆ. ಒಂದು ಚಿಕ್ಕ ಸ್ಪೀಕರ್ ತಂದಿಟ್ಟರೂ ಸಾಕು, ನಾವೇ ಹಣ ಕೂಡಿಸಿ ಕೊಡುತ್ತೇವೆ ಎಂದು ಹೇಳಿದ್ದೇವೆ. ಎರಡನೆಯದಾಗಿ, ‘ಐ ಹ್ಯಾವ್ ಬೀನ್ ವರ್ಕಿಂಗ್’ ಎಂಬ ಮುಂದುವರಿಯುವ ರೂಪವನ್ನು ಕೊನೆಯ ಒಂದು ಗಂಟೆಯಲ್ಲಿ ಅವಸರದಿಂದ ಮುಗಿಸಿದರು. ನನಗೆ ಇನ್ನೂ ಅದರಲ್ಲಿ ಧೈರ್ಯವಿಲ್ಲ. ಝೆರಾಕ್ಸ್ ಹಾಳೆಗಳು ಮಸುಕಾಗಿರುತ್ತವೆ. ಕನ್ನಡ ಬಾರದ ಇಬ್ಬರು ಮರಾಠಿ ಹೆಂಗಸರು ಎರಡನೆಯ ವಾರದಲ್ಲಿಯೇ ಬರುವುದನ್ನು ನಿಲ್ಲಿಸಿದರು, ಅದು ಸಹಜ. ಈ ತರಗತಿಯ ಬಲವೆಲ್ಲ ಕನ್ನಡದಲ್ಲಿದೆ, ಕನ್ನಡ ಮನೆಮಾತಲ್ಲದವರಿಗೆ ಇದನ್ನು ನಾನು ಹೇಳಲಾರೆ. ಮನೆಯಲ್ಲಿ ತುಳು ಆಡುವವರಿಗೂ ಕನ್ನಡ ಶಾಲೆಯಲ್ಲಿ ಓದಿದ್ದರೆ ತೊಂದರೆಯಾಗಲಿಲ್ಲ.

ಒಂದು ವಿಷಯದಲ್ಲಿ ಟೀಚರ್ ಅವರೊಡನೆ ನನಗೆ ಪೂರ್ಣ ಸಮ್ಮತಿಯಿಲ್ಲ. ‘ನಿನ್ನೆ ಪುಣೆಗೆ ಹೋಗಿದ್ದೆ’ ಎಂಬುದನ್ನು ನಾವು ‘ಐ ಹ್ಯಾಡ್ ಗಾನ್ ಟು ಪುಣೆ’ ಎಂದು ತಿರುಗಿಸುವ ಚಟವನ್ನು ಅವರು ಬಹಳ ಕಟುವಾಗಿ ತಿದ್ದುತ್ತಾರೆ, ವಾಕ್ಯದ ನಡುವೆಯೇ ತಡೆಯುತ್ತಾರೆ. ತಪ್ಪು ತಪ್ಪೇ, ‘ಐ ವೆಂಟ್’ ಎನ್ನಬೇಕು ಎಂಬುದು ಸರಿ. ಆದರೆ ಅಂಜಿಕೆಯಿಂದ ಬಾಯಿ ಬಿಡದವರು ತಪ್ಪು ವಾಕ್ಯವನ್ನಾದರೂ ಪೂರ್ತಿ ಆಡಿ ಮುಗಿಸಲು ಬಿಡಬೇಕು. ನಮ್ಮಲ್ಲಿ ಒಬ್ಬರು ಆ ಮೇಲೆ ಎರಡು ವಾರ ಎದ್ದು ನಿಂತು ಮಾತಾಡಲಿಲ್ಲ. ಇದನ್ನು ನಾನು ಟೀಚರ್ ಅವರಿಗೂ ಹೇಳಿದೆ. ಅವರು ಕೇಳಿಸಿಕೊಂಡರು, ಮುಂದಿನ ವಾರದಿಂದ ತಪ್ಪುಗಳನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಕೊನೆಯಲ್ಲಿ ಓದಿ ಹೇಳತೊಡಗಿದರು.

ಈಗ ಕೌಂಟರಿನ ಮಾತು. ಬರಿಹೊಟ್ಟೆಯ ಸಕ್ಕರೆ ಪರೀಕ್ಷೆಗೆ ಬರುವವರು ಕನಿಷ್ಠ ಎಂಟು ಗಂಟೆ ಏನೂ ತಿಂದಿರಬಾರದು. ಅವರನ್ನು ನಾನು ಮೊದಲು ‘ಡಿಡ್ ಯು ಈಟ್?’ ಎಂದಷ್ಟೇ ಕೇಳುತ್ತಿದ್ದೆ. ಯಾವ ಹೊತ್ತಿನ ಊಟವನ್ನು ಕೇಳುತ್ತಿದ್ದೇನೆಂದು ತಿಳಿಯದೆ ಕೆಲವರು ‘ಹೌದು, ರಾತ್ರಿ ಎಂಟಕ್ಕೆ’ ಎಂದರೆ ಇನ್ನು ಕೆಲವರು ಬೆಳಗಿನ ಚಹಾವನ್ನು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ. ಈಗ ‘ಹ್ಯಾವ್ ಯು ಹ್ಯಾಡ್ ಎನಿಥಿಂಗ್ ಸಿನ್ಸ್ ಲಾಸ್ಟ್ ನೈಟ್, ಈವನ್ ಟೀ?’ ಎಂದು ಕೇಳುತ್ತೇನೆ. ರಾತ್ರಿಯಿಂದ ಈ ಗಳಿಗೆಯವರೆಗಿನ ಹೊತ್ತೆಲ್ಲ ಆ ಒಂದು ಪ್ರಶ್ನೆಯೊಳಗೆ ಬರುತ್ತದೆ. ಊಟದ ನಂತರದ ಪರೀಕ್ಷೆಗೆ ಬಂದವರಿಗೆ ಮೊದಲು ‘ಹ್ಯಾವ್ ಯು ಹ್ಯಾಡ್ ಯುವರ್ ಬ್ರೇಕ್‌ಫಾಸ್ಟ್?’, ಹೌದೆಂದರೆ ‘ವೆನ್ ಡಿಡ್ ಯು ಸ್ಟಾರ್ಟ್ ಈಟಿಂಗ್?’. ಆಗಿದೆಯೇ ಎಂಬುದು ಹ್ಯಾವ್, ಯಾವಾಗ ಆಯಿತು ಎಂಬುದು ಡಿಡ್. ಎರಡನೆಯ ಉತ್ತರದ ಗಂಟೆಯನ್ನು ಚೀಟಿಯಲ್ಲಿ ಬರೆದುಕೊಂಡು, ಅಲ್ಲಿಂದ ಎರಡು ಗಂಟೆ ಎಣಿಸಿ ರಕ್ತ ತೆಗೆಯಲು ಕರೆಯುತ್ತೇವೆ.

12 ವಾರಗಳ ಶುಲ್ಕ 4,500 ರೂಪಾಯಿ, ಎರಡು ಕಂತಿನಲ್ಲಿ ಕೊಡಬಹುದು. ಮುಲುಂಡ್ ನಿಲ್ದಾಣದ ಪೂರ್ವ ಬದಿಯಿಂದ ಹತ್ತು ನಿಮಿಷದ ನಡಿಗೆ. ಮಳೆಗಾಲದಲ್ಲಿ ಸೊಸೈಟಿಯ ಗೇಟಿನ ಮುಂದೆ ನೀರು ನಿಲ್ಲುತ್ತದೆ, ಚಪ್ಪಲಿಯ ಬಗ್ಗೆ ಯೋಚಿಸಿ ಹೊರಡಬೇಕು. ಒಂದು ದಪ್ಪ ನೋಟುಪುಸ್ತಕ ಬೇಕು, ಬೇರೆ ಪುಸ್ತಕ ಕೊಳ್ಳಬೇಕಾಗಿಲ್ಲ. ದೀಪಾವಳಿ ಕಳೆದ ಮೇಲೆ ಆರಂಭವಾಗುವ ಮುಂದಿನ ತಂಡದಲ್ಲಿ ಆ ಮುಂದುವರಿಯುವ ರೂಪಕ್ಕೆ ಎರಡು ಪೂರ್ತಿ ಸಂಜೆ ಇಡುವುದಾಗಿ ಟೀಚರ್ ಮಾತು ಕೊಟ್ಟಿದ್ದಾರೆ. ನಾನೂ ನನ್ನ ನಾದಿನಿಯೂ ಹೆಸರು ಬರೆಸಿದ್ದೇವೆ.